ಕಾಸ್ ಪಠಾರದ ಹೂ ನೋಡಲು ಒಂದು ದಿನ: ಯಾವಾಗ ಹೋಗಬೇಕು, ಹೇಗೆ ನೋಡಬೇಕು?

ವಸಂತ ಅಂದರೆ ನಮಗೆ ಚೈತ್ರ, ವೈಶಾಖ. ಪಶ್ಚಿಮ ಘಟ್ಟದ ಬೋಳು ಕಲ್ಲುಹಾಸುಗಳಿಗೆ ಮಾತ್ರ ಅದು ಬರುವುದು ಭಾದ್ರಪದದಲ್ಲಿ, ಮಳೆ ಸಡಿಲವಾಗುವ ಹೊತ್ತಿಗೆ. ಮಹಾರಾಷ್ಟ್ರದ ಸಾತಾರಾದಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿರುವ ಕಾಸ್ ಪಠಾರ ಎಂಬ ಪ್ರಸ್ಥಭೂಮಿಯಲ್ಲಿ 850ಕ್ಕೂ ಹೆಚ್ಚು ಜಾತಿಯ ಹೂಬಿಡುವ ಸಸ್ಯಗಳಿವೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ನಮ್ಮ ಕಡೆಯಿಂದ ಹೋಗುವವರೂ ಬಹಳ. ಆದರೆ 'ಫೋಟೊದಲ್ಲಿ ನೋಡಿದ ಹಾಗೆ ಏನೂ ಇರಲಿಲ್ಲ' ಎನ್ನುತ್ತಾ ಮುಖ ಸಪ್ಪೆ ಮಾಡಿಕೊಂಡು ಬರುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಹೂ ಅವರ ಕಾಲಬುಡದಲ್ಲೇ ಇತ್ತು. ನಿಂತು ನೋಡಿದ್ದರಿಂದ ಕಾಣಲಿಲ್ಲ.

1. ದಿನ ಗೊತ್ತುಮಾಡಿ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಹೂವಿನ ಕಾಲ. ಒಂದೇ ಸಲ ಹೋಗುವುದಾದರೆ ಸೆಪ್ಟೆಂಬರ್ ನಡುವಿನ ವಾರಗಳನ್ನು ಹಿಡಿಯಿರಿ. ಮೊದಲು ಬಿಳಿಯ ಗುಂಡಿಯಂಥ ಗೇಂದ್, ಆಮೇಲೆ ಗುಲಾಬಿ ಬಣ್ಣದ ತೇರಡಾ (ನಮ್ಮ ಕರ್ಣಕುಂಡಲದ ಕುಲದ್ದೇ), ಅದರ ಹಿಂದೆ ಹಳದಿ ಸೋನ್ಕಿ. ಮಳೆಯ ಮೇಲೆ ಎಲ್ಲವೂ ವಾರ ಹಿಂದುಮುಂದಾಗುತ್ತವೆ. ಶನಿವಾರ, ಭಾನುವಾರ ಹೋಗಲೇಬೇಡಿ. ಜನರ ತಲೆ ಕಾಣುತ್ತದೆ, ಹೂ ಕಾಣುವುದಿಲ್ಲ. ಏಳು ವರ್ಷಕ್ಕೊಮ್ಮೆ ಅರಳುವ ಟೋಪ್ಲಿ ಕಾರ್ವಿಗಾಗಿ ಕಾಯುತ್ತಾ ಕೂರುವುದೂ ಬೇಡ, ಪ್ರತಿ ವರ್ಷ ಬರುವ ಹೂಗಳೇ ಕಣ್ಣು ತುಂಬುವಷ್ಟಿವೆ.

2. ಟಿಕೆಟ್, ಪ್ರಯಾಣ. ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಿ, ಬೆಳಗಿನ ಪಾಳಿಯನ್ನೇ ಆರಿಸಿ. ಬೆಂಗಳೂರು, ಹುಬ್ಬಳ್ಳಿಯಿಂದ ಪುಣೆಗೆ ಹೋಗುವ ರಾತ್ರಿ ಬಸ್ಸುಗಳು ಸಾತಾರಾ ಮೇಲೇ ಹೋಗುತ್ತವೆ. ಬೆಳಗಾವಿಯವರು ನಸುಕಿನಲ್ಲೇ ಕಾರು ತೆಗೆದರೆ ಅದೇ ದಿನ ಮನೆಗೆ ಮರಳಬಹುದು.

3. ಚೀಲಕ್ಕೆ ಏನು? ಕೊಡೆ ಬೇಡ. ಮೇಲಿನ ಗಾಳಿಗೆ ಅದು ನಿಲ್ಲುವುದಿಲ್ಲ. ದಾರಿಬದಿ ಸಿಗುವ ತೆಳು ಪ್ಲಾಸ್ಟಿಕ್ ರೇನ್‌ಕೋಟೂ ಬೇಡ. ಅರ್ಧ ಗಂಟೆಯಲ್ಲಿ ಹರಿಯುತ್ತದೆ, ಚೂರುಗಳು ಪಠಾರದ ಮೇಲೇ ಉಳಿಯುತ್ತವೆ. ಗಟ್ಟಿ ಜಾಕೆಟ್, ಹಿಡಿತವಿರುವ ಅಟ್ಟೆಯ ಬೂಟು, ಮಂಡಿಯೂರಲು ಮಡಚಿದ ಗೊಬ್ಬರದ ಚೀಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ, ಇಷ್ಟು ಸಾಕು. ಫೋನಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೊ ಲೆನ್ಸಿಗೆ ದುಡ್ಡು ಸುರಿಯಬೇಡಿ. ನಡುವೆ ಮಾತ್ರ ಚಿತ್ರ ಸ್ಪಷ್ಟ, ಅಂಚೆಲ್ಲ ಮಸುಕು.

4. ನೋಡುವುದು. ಎಲ್ಲರೂ ಎಡವುವುದು ಇಲ್ಲೇ. ಗೇಟು ದಾಟಿದ ಕೂಡಲೇ ಜನ ಗುಲಾಬಿ ಬಣ್ಣದ ದಟ್ಟ ಹಾಸು ಹುಡುಕಿಕೊಂಡು ಓಡುತ್ತಾರೆ, ಅದರೊಳಗೇ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಜಂಬಿಟ್ಟಿಗೆ ಬಂಡೆಯ ಮೇಲೆ ಇರುವುದು ತೆಳುವಾದ ಒಂದು ಪದರ ಮಣ್ಣು. ಮಳೆ ನಿಂತ ಮೇಲೆ ಅದು ಒಣಗಿ ಬಿರುಕು ಬಿಡುತ್ತದೆ. ಮೊಳೆತು, ಅರಳಿ, ಬೀಜ ಉದುರಿಸುವುದೆಲ್ಲ ಮಳೆಯ ಆ ಕೆಲವೇ ತಿಂಗಳಲ್ಲಿ ಮುಗಿಯಬೇಕು. ಬೀಜ ಕಟ್ಟುವ ಮೊದಲೇ ತುಳಿದರೆ ಆ ಗಿಡದ ಮುಂದಿನ ವರ್ಷದ ಹೂವನ್ನೂ ತುಳಿದಂತೆ.

ಹಾಸನ್ನು ಬಿಟ್ಟು ಬೋಳು ಬಂಡೆಯ ಅಂಚಿಗೆ ಬನ್ನಿ. ನೀರು ಜಿನುಗುವ, ಪಾಚಿ ಹಿಡಿದ ಜಾಗ ಕಂಡರೆ ನಿಲ್ಲಿ. ಕಾಲು ಬಂಡೆಯ ಮೇಲೇ ಇರಲಿ. ಚೀಲ ಹಾಸಿ ಮಂಡಿಯೂರಿ. ಎರಡು ನಿಮಿಷ ಏನೂ ಕಾಣುವುದಿಲ್ಲ, ಏಳಬೇಡಿ. ಆಮೇಲೆ ನೂಲಿನಂಥ ದಂಟಿನ ತುದಿಯಲ್ಲಿ ನೀಲಿ-ನೇರಳೆ ಹೂಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಮರಾಠಿಯವರು 'ಸೀತೇಚಿ ಆಸವೆ', ಸೀತೆಯ ಕಣ್ಣೀರು ಅನ್ನುವ ಯುಟ್ರಿಕ್ಯುಲೇರಿಯಾ ಇದು. ಭೂತಗನ್ನಡಿಯನ್ನು ಪತ್ರಿಕೆ ಓದುವವರ ಹಾಗೆ ದೂರ ಹಿಡಿಯಬೇಡಿ. ಕಣ್ಣಿಗೆ ತಾಗಿಸಿಕೊಂಡು, ಮುಖವನ್ನೇ ಹೂವಿನ ಹತ್ತಿರ ತನ್ನಿ. ಹೂವನ್ನು ಕಿತ್ತು ಕಣ್ಣಿನ ಬಳಿ ತರುವುದಂತೂ ಕೂಡದು. ಎರಡು ತುಟಿ, ಹಿಂದಕ್ಕೆ ಚಾಚಿದ ಪುಟ್ಟ ಕೊಂಬು ಕಾಣುತ್ತದೆ. ಒದ್ದೆ ಮಣ್ಣೊಳಗೆ ಇದರ ಸಣ್ಣ ಸಣ್ಣ ಚೀಲಗಳಿವೆ. ಸೂಕ್ಷ್ಮ ಜೀವಿಯೊಂದು ಚೀಲದ ಬಾಯಿಯ ರೋಮಕ್ಕೆ ತಾಗಿದರೆ ಸಾಕು, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಚೀಲ ಅದನ್ನು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿನ ಮಣ್ಣಿನಲ್ಲಿ ಸಾರಜನಕ ಕಡಿಮೆ, ಆ ಕೊರತೆ ತುಂಬಿಕೊಳ್ಳಲು ಈ ಬೇಟೆ.

ಈಗ ಸೂರ್ಯನಿಗೆ ಮುಖಮಾಡಿ ತಿರುಗಿ. ಎದುರು ಬಿಸಿಲಿನಲ್ಲಿ ಮಾತ್ರ ಡ್ರೋಸೆರಾ ಎಂಬ, ಕೀಟ ಹಿಡಿಯುವ ಇನ್ನೊಂದು ಗಿಡ ಸುಲಭವಾಗಿ ಸಿಗುತ್ತದೆ. ನೆಲಕ್ಕಂಟಿದ, ನಾಣ್ಯದಗಲದ ಕೆಂಪು ಚಕ್ರ, ಎಲೆಯ ಪ್ರತಿ ರೋಮದ ತುದಿಯಲ್ಲೂ ಹೊಳೆಯುವ ಹನಿ. ಇಬ್ಬನಿಯಾದರೆ ಬಿಸಿಲೇರಿದಂತೆ ಆರುತ್ತದೆ, ಇದು ಆರುವುದಿಲ್ಲ, ಅಂಟು. ಸಿಕ್ಕಿಕೊಂಡ ಗುಂಗಾಡೊಂದು ಇನ್ನೂ ಕಾಲಾಡಿಸುತ್ತಿರುವುದೂ ಕೆಲವೊಮ್ಮೆ ಕಾಣಸಿಗುತ್ತದೆ. ಮಕ್ಕಳಿದ್ದರೆ ಅವರಿಗೇ ಮೊದಲು ಭೂತಗನ್ನಡಿ ಕೊಡಿ.

ಒಂದೇ ಬಂಡೆಯಂಚಿನಲ್ಲಿ ಒಂದು ಗಂಟೆ ಕಳೆಯಿರಿ. ಹತ್ತು ಕಡೆ ಸುತ್ತುವುದಕ್ಕಿಂತ ಅದೇ ಮೇಲು.

5. ಉಳಿದದ್ದು. ಕಾಲಲ್ಲಿ ಬಲವಿದ್ದರೆ ಕುಮುದಿನಿ ಕೆರೆಯವರೆಗೆ ನಡೆಯಿರಿ. ಊಟ ಸಾತಾರಾದಲ್ಲಿ.

ಕರಾವಳಿಯವರಿಗೆ ಇನ್ನೊಂದು ಮಾತು. ಇದೇ ಜಂಬಿಟ್ಟಿಗೆ (ನಿಮ್ಮ ಮುರಕಲ್ಲು) ನಿಮ್ಮ ಪದವುಗಳಲ್ಲೂ, ಅಂದರೆ ಬೋಳು ಕಲ್ಲುಬಯಲುಗಳಲ್ಲೂ ಇದೆ; ಇದೇ ಕುಲದ ನೀಲಿ ಹೂಗಳು, ಗೇಂದ್ ಕುಲದ ಹೂಗಳು ಅಲ್ಲೂ ಮಳೆಗಾಲದಲ್ಲಿ ಅರಳುತ್ತವೆ. ಸಾತಾರಾಕ್ಕೆ ಹೋಗುವ ಮೊದಲು ಮನೆಯ ಹತ್ತಿರದ ಪದವಿನಲ್ಲೇ ಮಂಡಿಯೂರಿ ಅಭ್ಯಾಸ ಮಾಡಿಕೊಳ್ಳಿ. ಕಲ್ಲುಕೋರೆಗೂ ಲೇಔಟಿಗೂ ಹೋಗದೆ ಉಳಿದಿರುವ ಪದವು ಎಲ್ಲಿದೆ ಎಂದು ಊರಿನ ಹಿರಿಯರನ್ನು ಕೇಳಿದರೆ ಹೇಳುತ್ತಾರೆ.