ಹಳೆ ಟೂರಿಂಗ್ ಸೈಕಲ್: ಯಾವ ಸವೆತ ಚಂದ, ಯಾವುದು ಅಪಾಯ

ಸಾವಿರಾರು ಕಿಲೋಮೀಟರ್ ಓಡಿದ ಸೈಕಲ್‌ನ ಗೀರು ಮುಚ್ಚಲೆಂದು ಪೂರ್ತಿ ಪೇಂಟ್ ಹೊಡೆಸಬೇಡಿ. ಕೂತು ಕೂತು ಮೈಗೆ ಒಗ್ಗಿದ ಚರ್ಮದ ಸೀಟು, ಬ್ಯಾಗ್ ಉಜ್ಜಿ ನುಣುಪಾದ ಕ್ಯಾರಿಯರ್ ಕಂಬಿ, ಇವೆಲ್ಲ ಹೊಸ ಸೈಕಲ್‌ನಲ್ಲಿ ಸಿಗದ ಚೆಲುವು. ಸ್ಟೀಲ್ ಫ್ರೇಮಿನ ಬಣ್ಣ ಕಿತ್ತು ಲೋಹ ಕಂಡಲ್ಲಿ ಮಾತ್ರ ತುಕ್ಕನ್ನು ನಯವಾದ ಎಮರಿ ಪೇಪರ್‌ನಿಂದ ಉಜ್ಜಿ, ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಪದರ ಹಚ್ಚಿ. ಗುರುತು ಉಳಿಯುತ್ತದೆ, ತುಕ್ಕು ಬೇಗ ಮರಳುವುದಿಲ್ಲ.

ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅದನ್ನು ಗೀರು ಎಂದುಕೊಳ್ಳಬೇಡಿ, ಬಿರುಕಿರಬಹುದು. ಓಡಿಸುವುದನ್ನು ನಿಲ್ಲಿಸಿ, ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ.

ರಿಮ್ ಬ್ರೇಕ್ (ಚಕ್ರದ ರಿಮ್ಮನ್ನೇ ಎರಡೂ ಬದಿಯಿಂದ ಒತ್ತಿ ನಿಲ್ಲಿಸುವ ಬ್ರೇಕ್) ಇದ್ದರೆ ರಿಮ್ಮಿನ ಮೇಲೆ ಬ್ರೇಕ್ ಉಜ್ಜುವ ಭಾಗಕ್ಕೆ ಸ್ಕೇಲ್ ಅಡ್ಡ ಹಿಡಿಯಿರಿ. ನಡುವೆ ಗುಳಿ ಬಿದ್ದಿದ್ದರೆ ರಿಮ್ಮಿನ ಗೋಡೆ ತೆಳುವಾಗಿದೆ ಎಂದರ್ಥ. ಟೈರಿನ ಗಾಳಿಯ ಒತ್ತಡಕ್ಕೇ ಅದು ಸೀಳಿಹೋಗಬಹುದು. ಬ್ರೇಕ್ ಉಜ್ಜಿ ಬಂದ ಹೊಳಪಿಗೆ ದಯವಿಟ್ಟು ಮರುಳಾಗಬೇಡಿ.

ಚೈನ್ ಹೊಸದಿದ್ದಾಗ 24 ಕೊಂಡಿಗಳ ಉದ್ದ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, 304.8 ಮಿ.ಮೀ. ಸವೆದು ಉದ್ದವಾಗಿ ಅದು 306.4 ತಲುಪಿದರೆ ಚೈನ್ ಬದಲಿಸಿ. 308 ದಾಟಿದರೆ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲುಗಳೂ ಬಹುತೇಕ ಸವೆದಿರುತ್ತವೆ, ಹೊಸ ಚೈನ್ ಹಾಕಿದರೂ ಜಾರುತ್ತದೆ.