ಊರಾಗ ಕುಂತು ಪೈಲಟ್ ಥಿಯರಿ ಪೇಪರ್ ಓದೋದು ಹೆಂಗ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಪೈಲಟ್ ಆಗ್ಬೇಕು ಅನ್ನೋ ಹುಡುಗ್ರು ಹುಡುಗೇರು ಮೊದಲು ಕೇಳೋದ ಇದು, ಥಿಯರಿ ಓದಾಕ ದಿಲ್ಲಿಗೋ ಬೆಂಗಳೂರಿಗೋ ಹೋಗಿ ಪಿಜಿ ಹಿಡೀಲೇಬೇಕಾ ಅಂತ. ಬೇಕಾಗಿಲ್ರಿ. ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಡಸೋ ಸಿಪಿಎಲ್, ಅಂದ್ರ ಕಮರ್ಷಿಯಲ್ ಪೈಲಟ್ ಲೈಸನ್ಸಿನ ಪೇಪರ್ ಮನ್ಯಾಗ ಓದಿ, ಆನ್‌ಲೈನ್ ಕ್ಲಾಸ್ ಕೇಳಿ ಬರದು ಪಾಸ್ ಆದೋರು ಬಾಳ ಮಂದಿ ಅದಾರ. ಯುರೋಪಿನ ಎಟಿಪಿಎಲ್ (ಏರ್‌ಲೈನ್ ಪೈಲಟ್ ಲೈಸನ್ಸ್) ಬರಿಯೋರ ಕಥಿ ಬ್ಯಾರೆ, ಅಲ್ಲಿ 13 ವಿಷಯ, ಪಾಸಾಗಾಕ 75 ಪರ್ಸೆಂಟ್, ದೂರಶಿಕ್ಷಣ ತಗೊಂಡ್ರೂ ಒಪ್ಪಿಗಿ ಇರೋ ಸ್ಕೂಲಿನಾಗ ಸೇರ್ಬೇಕು.

ಪುಸ್ತಕ ತಗೊಳ್ಳೋಕಿಂತ ಮೊದಲು ಕ್ಲಾಸ್ 2 ಮೆಡಿಕಲ್ (ಪೈಲಟ್ ಆಗೋರ ಮೊದಲ ವೈದ್ಯಕೀಯ ತಪಾಸಣಿ) ಮಾಡಿಸ್ರಿ. ಕಣ್ಣು, ಬಣ್ಣ ಗುರುತಿಸೋದು, ಕಿವಿ ಎಲ್ಲಾ ನೋಡ್ತಾರ, ಅದ್ರಾಗ ತೊಂದ್ರಿ ಇದ್ರ ವರ್ಷಗಟ್ಲೆ ಓದಿ ರೊಕ್ಕ ಸುರಿದ ಮ್ಯಾಲೆ ಗೊತ್ತಾಗೋದಕ್ಕಿಂತ ಈಗ್ಲೇ ಗೊತ್ತಾಗ್ಲಿ. ಪಿಯುಸಿ ಆರ್ಟ್ಸ್ ಕಾಮರ್ಸ್ ಮಾಡಿದೋರು ರಾಷ್ಟ್ರೀಯ ಮುಕ್ತ ಶಾಲಿ ಅಂದ್ರ ಎನ್‌ಐಒಎಸ್‌ನಾಗ ಫಿಸಿಕ್ಸ್, ಮ್ಯಾಥ್ಸ್ ಎರಡೂ ಬರೀಬೋದು, ಅದೂ ದೂರಶಿಕ್ಷಣನ. ಆಮ್ಯಾಲೆ ಡಿಜಿಸಿಎ ಕಂಪ್ಯೂಟರ್ ನಂಬರ್ (ಪರೀಕ್ಷಾ ಬರಿಯೋರ ಗುರುತಿನ ನಂಬರ್) ತಗೋಬೇಕು, ಅದಿಲ್ಲದ ಪರೀಕ್ಷಾಕ್ಕ ಅರ್ಜಿ ಹಾಕಾಕ ಬರಂಗಿಲ್ಲ. ಎಸ್ಸೆಸ್ಸೆಲ್ಸಿ ಕಾರ್ಡು, ಪಿಯುಸಿ ಕಾರ್ಡು, ಆಧಾರ್, ಪಾಸ್‌ಪೋರ್ಟ್ ನಾಲ್ಕೂ ಎದುರಿಗಿಟ್ಕೊಂಡು ಹೆಸರಿನ ಸ್ಪೆಲಿಂಗ್ ಒಂದೊಂದಾ ಅಕ್ಷರ ತಾಳಿ ನೋಡ್ರಿ, ನಮ್ ಕಡೆ ಅಪ್ಪನ ಹೆಸರು, ಮನಿತನದ ಹೆಸರು ಒಂದ್ ಕಡೆ ಇರತಾವ ಇನ್ನೊಂದ್ ಕಡೆ ಇರಂಗಿಲ್ಲ, ಅದ ಹೆಚ್ಚು ದಿನ ತಿನ್ನೋದು.

ಪೇಪರ್ ಅಂದ್ರ ನ್ಯಾವಿಗೇಶನ್, ಮೆಟಿಯರಾಲಜಿ (ಹವಾಮಾನ, ಚಿಕ್ಕದಾಗಿ ಮೆಟ್), ಏರ್ ರೆಗ್ಯುಲೇಶನ್ (ಹಾರಾಟದ ಕಾಯ್ದೆ), ಟೆಕ್ನಿಕಲ್ ಜನರಲ್ (ವಿಮಾನ, ಇಂಜಿನ್ನಿನ ಸಾಮಾನ್ಯ ತಿಳುವಳಿಕಿ), ಟೆಕ್ನಿಕಲ್ ಸ್ಪೆಸಿಫಿಕ್ (ಒಂದ್ ನಿರ್ದಿಷ್ಟ ವಿಮಾನದ್ದು), ಮ್ಯಾಲೆ ರೇಡಿಯೋದಾಗ ಮಾತಾಡೋ ಲೈಸನ್ಸಿನ ಪರೀಕ್ಷಾ, ಅಂದ್ರ ಆರ್‌ಟಿಆರ್. ಡಿಜಿಸಿಎ ಪೇಪರಿಗೆ ಪಾಸ್ ಮಾರ್ಕ್ 70 ಪರ್ಸೆಂಟ್, ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಂಗಾಗಿ ಒಂದೂ ಪ್ರಶ್ನೆ ಖಾಲಿ ಬಿಡಬ್ಯಾಡ್ರಿ. ರೆಗ್ಯುಲೇಶನ್ ಬಾಯಿಪಾಠದ ಪೇಪರ್ರು, ದಿನಾ ಸ್ವಲ್ಪ ಸ್ವಲ್ಪ ಓದಿದ್ರ ಸಾಕು. ನನ್ನ ಕೇಳಿದ್ರ ನ್ಯಾವಿಗೇಶನ್ನು ಮೆಟ್ಟು ಎರಡನ್ನೂ ಮೊದಲು ಹಿಡೀರಿ, ಯಾಕಂದ್ರ ಉಳಿದ ಪೇಪರಿಗೂ ಹಾರೋದಕ್ಕೂ ಇವೆರಡ ಬುನಾದಿ.

ನ್ಯಾವಿಗೇಶನ್ ವಿಡಿಯೋ ನೋಡಿ ಬರೋದಲ್ರಿ. ಮಾಸ್ತರ್ ಸ್ಕ್ರೀನ್ ಮ್ಯಾಲೆ ಲೆಕ್ಕ ಬಿಡಿಸುವಾಗ ಎಲ್ಲಾ ತಿಳದಂಗ ಅನಸತೈತಿ, ವಿಡಿಯೋ ನಿಲ್ಲಿಸಿ ಅದೇ ಲೆಕ್ಕ ನೋಟ್‌ಬುಕ್ಕಿನಾಗ ಮಾಡಾಕ ಹೋದ್ರ ಕೈ ನಿಂತಬಿಡತೈತಿ. ಅದಕ್ಕ ನಮ್ಮೂರಿನ ಲೆಕ್ಕ ಮಾಡ್ರಿ. ಐಎಸ್‌ಟಿ (ನಮ್ಮ ದೇಶದ ಗಡಿಯಾರದ ಹೊತ್ತು) 82.5 ಡಿಗ್ರಿ ಪೂರ್ವ ರೇಖಾಂಶದ್ದು, ಬಳ್ಳಾರಿ ಇರೋದು ಸುಮಾರು 76.9, ವ್ಯತ್ಯಾಸ 5.6, ಡಿಗ್ರಿಗೆ 4 ನಿಮಿಷದಂಗ ಬಳ್ಳಾರಿ ಲೋಕಲ್ ಮೀನ್ ಟೈಮ್ (ಆ ಊರಿನ ರೇಖಾಂಶದ ಪ್ರಕಾರದ ಹೊತ್ತು) ಗಡಿಯಾರಕ್ಕಿಂತ ಸುಮಾರು 22 ನಿಮಿಷ ಹಿಂದ. ರಾಯಚೂರಿಂದು, ಕೊಪ್ಪಳದ್ದು ನೀವ ಮಾಡಿ ನೋಡ್ರಿ. 1 ಇನ್ 60 ರೂಲೂ ಹಂಗ, 60 ಮೈಲಿಗೆ 1 ಮೈಲು ಸರಿದ್ರ ಹಾದಿ ಸುಮಾರು 1 ಡಿಗ್ರಿ ತಪ್ಪಿದಂಗ, ಅಂದ್ರ 40 ನಾಟಿಕಲ್ ಮೈಲು ಹಾರಿ 4 ಮೈಲು ಬಾಜೂಕ ಸರಿದಿದ್ರ ಟ್ರ್ಯಾಕ್ ಎರರ್ 6 ಡಿಗ್ರಿ.

ಮೆಟ್ಟಿಗಂತೂ ನಮ್ ಬಿಸಲ ಮಾಸ್ತರ್ರು. ಬಳ್ಳಾರಿ ಸೀಮಿ ಎತ್ತರ ಸುಮಾರು 1600 ಅಡಿ ಅಂತ ಹಿಡೀರಿ, ಸ್ಟ್ಯಾಂಡರ್ಡ್ ಹವಾದಾಗ (ಲೆಕ್ಕಕ್ಕ ಅಂತ ಒಪ್ಪಿಕೊಂಡ ಮಾದರಿ ಹವಾ) ಸಮುದ್ರಮಟ್ಟಕ್ಕ 15 ಡಿಗ್ರಿ, ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳೀತೈತಿ, ಅಂದ್ರ ಇಲ್ಲಿ 12 ಇರಬೇಕು. ಮೇ ತಿಂಗಳಾಗ 42 ಇದ್ರ 30 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿ ಅಂದ್ರ 3600, ಡೆನ್ಸಿಟಿ ಆಲ್ಟಿಟ್ಯೂಡ್ 5200 ಅಡಿ ಸುಮಾರು ಆತು. ವಿಮಾನ ನೆಲದ ಮ್ಯಾಲೆ ಇದ್ರೂ 5200 ಅಡಿ ಮ್ಯಾಲಿನ ತೆಳು ಗಾಳ್ಯಾಗ ಇದ್ದಂಗ, ಅದಕ್ಕ ರನ್‌ವೇ ಉದ್ದ ಬೇಕು, ಏರೋದು ನಿಧಾನ. ಇದನ್ನ ಒಮ್ಮಿ ಕೈಯಾರೆ ಮಾಡಿದ್ರ ಪರೀಕ್ಷಾದಾಗ ಯಾವ ಕಡಿಂದ ತಿರುವಿ ಕೇಳಿದ್ರೂ ಬರೀತೀರಿ. ದಿನಾ ಮುಂಜಾನಿ ಹೈದರಾಬಾದು ಇಲ್ಲಾ ಬೆಂಗಳೂರಿನ ಮೆಟಾರ್ (ವಿಮಾನ ನಿಲ್ದಾಣದ ಹವಾಮಾನ ವರದಿ) ತಗದು ಓದ್ರಿ, ಪುಕ್ಕಟೆ ಸಿಗತೈತಿ. 27012ಕೆಟಿ ಅಂದ್ರ ಗಾಳಿ 270 ಡಿಗ್ರಿಯಿಂದ, 12 ನಾಟ್. ಮೆಟಾರ್‌ನಾಗ ಗಾಳಿ ಟ್ರೂ ನಾರ್ತಿಂದ (ಭೂಮಿಯ ನಿಜವಾದ ಉತ್ತರದಿಂದ) ಲೆಕ್ಕ, ಟವರ್‌ನೋರು ಬಾಯಿಲೆ ಹೇಳೋದು ಮ್ಯಾಗ್ನೆಟಿಕ್ (ದಿಕ್ಸೂಚಿ ತೋರಸೋ ಉತ್ತರದಿಂದ), ಇದನ್ನ ಗಟ್ಟಿ ಮಾಡ್ಕೊಳ್ರಿ.

ಕ್ವೆಶ್ಚನ್ ಬ್ಯಾಂಕ್ ಕೊನೀಗ ಹಿಡೀರಿ. ಮೊದಲ ಅದನ್ನ ಉರು ಹೊಡದ್ರ ಪಾಸೂ ಆಗಬೋದು, ಆದ್ರ ಮುಂದ ಏರ್‌ಲೈನ್ ಇಂಟರ್‌ವ್ಯೂದಾಗ ಯಾಕ ಅಂತ ಕೇಳಿದ್ರ ಏನ್ ಹೇಳ್ತೀರಿ? ತಪ್ಪಿದ ಪ್ರಶ್ನೆಗೋಳನ್ನ ಒಂದ್ ಬ್ಯಾರೆ ವಹಿಯಾಗ ಬರದಿಡ್ರಿ, ವಾರಕ್ಕೊಮ್ಮಿ ಅವನ್ನಷ್ಟ ತಿರುಗಿ ಮಾಡ್ರಿ. ರೇಡಿಯೋಕ್ಕ ಮಾತ್ರ ಒಬ್ರ ಓದಿದ್ರ ಬರಂಗಿಲ್ಲ, ಬಾಯಿ ಬಿಟ್ಟು ಇಂಗ್ಲಿಷಿನಾಗ ಮಾತಾಡೋ ಜೋಡಿ ಬೇಕು, ಫೋನ್ ಮ್ಯಾಲೆ ಒಬ್ರು ಟವರ್ ಆಗ್ರಿ ಒಬ್ರು ಪೈಲಟ್ ಆಗ್ರಿ.

ಪರೀಕ್ಷಾ ಸೆಂಟರ್ ಬೆಂಗಳೂರು ಬಂತಂದ್ರ ಹಂಪಿ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿ ಮುಂಜಾನಿ ಇಳದು ಸೀದಾ ಹಾಲ್‌ಗೆ ಓಡೋ ಪ್ಲಾನ್ ಮಾಡಬ್ಯಾಡ್ರಿ, ಟ್ರೇನ್ ತಡ ಆದ್ರ ಫೀಸೂ ಹೋತು, ಆ ಸಲದ ಅವಕಾಶನೂ ಹೋತು. ಒಂದ್ ದಿನ ಮೊದಲ ಹೋಗಿ ಸೆಂಟರ್ ನೋಡಿ ಬಂದು ಮಲಗ್ರಿ.