ರೋಬೋಟ್‌ಗೆ ಸೀರೆ ಉಡಿಸುವ ಮೊದಲು

ನಾನು ಬೆಳಗಾವಿಯಲ್ಲಿ ಹಾರ್ಟ್ ಓಟಿಯ, ಅಂದರೆ ಹೃದಯ ಶಸ್ತ್ರಚಿಕಿತ್ಸೆ ಕೋಣೆಯ, ಸ್ಕ್ರಬ್ ನರ್ಸ್; ಸರ್ಜನ್‌ಗೆ ಉಪಕರಣ ಸಿದ್ಧಮಾಡಿ ಕೊಡುವವಳು. ಹೊಸ ಹುಡುಗಿಯರು ಬಂದರೆ ಮೊದಲು ತೋರಿಸುವುದು ರೋಬೋಟ್ ಅಲ್ಲ, ಎದೆಮೂಳೆ ಕೊಯ್ಯುವ ಗರಗಸ.

"ಅಕ್ಕಾರ, ಇವತ್ತ ರೋಬೋಟ್ ಕೇಸ್ ಐತಲ್ರೀ, ಇದ್ಯಾಕ್ರಿ?"

ಸಣ್ಣ ತೂತಿನಲ್ಲಿ ಕೆಲಸ ನಡೆಯುವಾಗ ರಕ್ತ ಚಿಮ್ಮಿದರೆ ಎದೆ ತೆರೆಯಬೇಕಾದೀತು. ಅದಕ್ಕೇ ಗರಗಸ, ಎದೆ ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಇರುವ ಟ್ರಾಲಿ ಮೊದಲು ಸಿದ್ಧವಾಗಲಿ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಪ್ಯಾಡನ್ನೂ ಬಟ್ಟೆ ಹೊದಿಸುವ ಮುಂಚೆಯೇ ರೋಗಿಯ ಮೈಗೆ ಅಂಟಿಸಿ. ಎದೆ ಮುಚ್ಚಿದ್ದಾಗ ಹೃದಯಕ್ಕೇ ತಾಗಿಸುವ ಒಳಗಿನ ಪ್ಯಾಡಲ್ ಹಾಕಲಾಗುವುದಿಲ್ಲ, ಅಲ್ವಾ?

ಈಗ ಸೀರೆ. ಡಾ ವಿಂಚಿ ಅನ್ನುವ ನಮ್ಮ ಸರ್ಜರಿ ರೋಬೋಟ್‌ನ ನಾಲ್ಕು ತೋಳಿಗೂ ಸ್ಟೆರೈಲ್ ಪ್ಲಾಸ್ಟಿಕ್ ಡ್ರೇಪ್ ಹೊದಿಸುವುದಕ್ಕೆ ನಾನು ಹೇಳುವುದೇ ಹಾಗೆ. ಇಳಕಲ್ ಸೀರೆಯ ನೆರಿಗೆಯಂತೆ ಬಿಗಿಯಾಗಿ ಕಟ್ಟಲು ಹೋಗಬೇಡಿ. ತೋಳು ಮಡಚಿ ಬಿಚ್ಚುವಷ್ಟು ಸಡಿಲ ಇರಲಿ. ಒಮ್ಮೆ ನಾನು ಅಚ್ಚುಕಟ್ಟಾಗಿ ಎಳೆದು ಕಟ್ಟಿದ್ದೆ. ತೋಳು ಚಾಚಿದ ಕೂಡಲೇ ಪರ್‌ರ್ ಅಂತ ಹರಿಯಿತು. ಹೊಸ ಡ್ರೇಪ್ ತೆಗೆಯಬೇಕಾಯಿತು, ಬೈಗುಳ ಬೇರೆ! ತೋಳಿಗೂ ಉಪಕರಣಕ್ಕೂ ನಡುವಿನ ಅಡಾಪ್ಟರ್ ಕೂಡ ಟಕ್ ಅಂತ ಕೂರಬೇಕು, ಇಲ್ಲದಿದ್ದರೆ ಉಪಕರಣ ಹಿಡಿಯುವುದಿಲ್ಲ.

ಕ್ಯಾಮೆರಾ ತುದಿ ತಣ್ಣಗಿದ್ದರೆ ಒಳಗೆ ಹೋದೊಡನೆ ಮಂಜು ಕಟ್ಟುತ್ತದೆ. ತುದಿ ಬೆಚ್ಚಗಾಗಿಸಲು ಬಿಸಿ ಸಲೈನ್‌ನ (ಉಪ್ಪುನೀರಿನ) ಫ್ಲಾಸ್ಕ್ ಪಕ್ಕದಲ್ಲೇ ಇಟ್ಟುಕೊಳ್ಳಿ.

ಬೈಪಾಸ್‌ಗೆಂದು ಎದೆಗೋಡೆಯ ಒಳಬದಿಯ ಮ್ಯಾಮರಿ ರಕ್ತನಾಳ ಬಿಡಿಸುವ ಕೇಸಾದರೆ, ಅನಸ್ತೇಷಿಯಾದವರು ಎಡ ಶ್ವಾಸಕೋಶ ಕುಗ್ಗಿಸಿದ ಮೇಲೆಯೇ ಪೋರ್ಟ್, ಅಂದರೆ ಉಪಕರಣ ಒಳಹೋಗುವ ಕೊಳವೆ, ಹಾಕುವುದು. ಪೋರ್ಟ್ ಕೊಳವೆಯ ಮೇಲೆ ದಪ್ಪ ಕಪ್ಪು ಗೆರೆ ಇರುತ್ತದೆ. ಅದು ಎದೆಗೋಡೆಯ ದಪ್ಪದೊಳಗೇ ನಿಲ್ಲಬೇಕು, ಏಕೆಂದರೆ ತೋಳು ತಿರುಗುವುದು ಆ ಬಿಂದುವಿನ ಸುತ್ತ. ತಪ್ಪಿದರೆ ಪಕ್ಕೆಲುಬಿನ ಮೇಲೆ ಭಾರ ಬೀಳುತ್ತದೆ.

8 ಮಿ.ಮೀ. ಉಪಕರಣದ ಮಣಿಕಟ್ಟನ್ನು ಒಳಗೆ ಬಿಡುವ ಮೊದಲು ಬೆಳಕಿಗೆ ಹಿಡಿದು ನೋಡಿ. ಅದನ್ನು ಆಡಿಸುವ ತಂತಿ ಎಳೆ ಬಿಟ್ಟಿದ್ದರೆ ಸುಮ್ನೆ ಪಕ್ಕಕ್ಕಿಡಿ. ಸರ್ಜನ್ ತಾವು ಕೂತು ನಡೆಸುವ ಕನ್ಸೋಲ್‌ಗೆ ತಲೆ ಇಡುವವರೆಗೂ ತೋಳು ಅಲುಗುವುದಿಲ್ಲ, ಹೆದರಬೇಡಿ. ಆದರೆ ನಮ್ಮ ಮೆಷಿನ್‌ನಲ್ಲಿ ದಾರದ ಬಿಗಿ ಅವರ ಬೆರಳಿಗೆ ತಿಳಿಯುವುದಿಲ್ಲ, ಕಣ್ಣಲ್ಲೇ ಅಂದಾಜು. ಹೊಲಿಗೆಯ ಪ್ರೋಲಿನ್ ದಾರವನ್ನು ಉಪಕರಣ ಒರಟಾಗಿ ಕಚ್ಚಿದರೆ ಆಮೇಲೆ ಅಲ್ಲೇ ತುಂಡಾಗುತ್ತದೆ. ಇನ್ನೊಂದು ದಾರ ತಯಾರಿರಲಿ.

ಕೊನೆಗೆ ರೋಬೋಟನ್ನು ರೋಗಿಯಿಂದ ಕಳಚುವ ಅಭ್ಯಾಸ, ಕೇಸ್ ಇಲ್ಲದ ದಿನ. ಮೊದಲು ಉಪಕರಣ, ನಂತರ ಕ್ಯಾಮೆರಾ ಹೊರಗೆ, ಕೊಳವೆಯಿಂದ ತೋಳು ಬಿಡಿಸಿ, ಆಮೇಲೆ ರೋಬೋಟ್‌ನ ಗಾಡಿ ಹಿಂದಕ್ಕೆ. ಉಪಕರಣದ ಬಾಯಿ ಕಚ್ಚಿಕೊಂಡೇ ನಿಂತರೆ ಬಿಡಿಸುವ ಕೀಲಿ ಎಲ್ಲಿದೆ? ಕಣ್ಣು ಮುಚ್ಚಿ ಕೈ ಚಾಚಿ ತೋರಿಸಿ ಎನ್ನುತ್ತೇನೆ.